ಹೆಗಲು

ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದವನೇ
ಸೀಸದ ಗೂಡಿಗೆ ಒಂದು ಡಬ್ಬಿ ಪೊಟ್ಯಾಷ್ ಗೊಬ್ಬರ ಇಳಿಸುತ್ತೇನೆ.
ಸಾವಿರದ ನಾನೂರ ಅರವತ್ತರಲ್ಲಿ ಒಂದು ಗುಡ್ಡ ಎದ್ದರೆ
ಹರಳಿಗೆ ಎಚ್ಚರವಾಗಿದೆ ಎಂದರ್ಥ.
ಕೆಲವು ದಿನ ರಾತ್ರಿಯ ಚಳಿಗೆ ನಾಲ್ಕು ಮನೆ ಸರಿದಿರುತ್ತದೆ,
ತಿರುಪು ತಿರುಗಿಸಿ ಕರೆತರಬೇಕು.

ಅಬುಕುಮಾ ಬೆಟ್ಟದ ಸೆರಗಿನಲ್ಲಿ, ಮುಚ್ಚಿದ ಶಾಲೆಯ
ವಿಜ್ಞಾನದ ಕೋಣೆ ಇದು.
ನಾನು ಕುವಾಬಾರಾ, ಇಲ್ಲೇ ಮೂವತ್ತು ವರ್ಷ
ಮಕ್ಕಳ ಬೀಕರು ತೊಳೆದವನು.
ಈಗ ಊರವರ ಅಣಬೆ, ಕಾಡುಹಂದಿಯ ಮಾಂಸ, ಬಾವಿನೀರು ಅಳೆಯುತ್ತೇನೆ.

ತೊಕಿಯೆ ಅಜ್ಜಿ ಬರುವುದು ಮೇ ತಿಂಗಳ ಮೊದಲ ವಾರ,
ಕೊಶಿಯಾಬುರಾ ಚಿಗುರಿನ ಚೀಲದೊಂದಿಗೆ.
ನನ್ನ ಚಾಕು ಮುಟ್ಟುವುದಿಲ್ಲ. ತನ್ನದೇ ತಂದಿರುತ್ತಾಳೆ,
ಸವೆದು ಸವೆದು ಅದೂ ಎಲೆಯಷ್ಟು ತೆಳ್ಳಗೆ.
ಸಣ್ಣಗೆ ಹೆಚ್ಚಿ ಪಾತ್ರೆಗೆ ಒತ್ತಿ ಒತ್ತಿ ತುಂಬುತ್ತಾಳೆ
ಯಾರಿಗೋ ಬುತ್ತಿ ಕಟ್ಟುವ ಹಾಗೆ.
ಮುಚ್ಚಳ ಹಾಕಿದರೆ ಅರ್ಧ ಗಂಟೆ.
ಅರ್ಧ ಗಂಟೆಗೆ ಎರಡು ಬಟ್ಟಲು ಚಹಾ.

ಮೊದಲ ವರ್ಷ ಪರದೆಯ ಮೇಲೆ ಬೆರಳಿಟ್ಟು ಕೇಳಿದ್ದಳು:
“ಕೊರಿಯಾಮಾದವರ ಕಾಗದದಲ್ಲಿ ಸೂಜಿ ನೆಟ್ಟ ಹಾಗೆ ಗೆರೆಗಳಿದ್ದವು.
ನಿನ್ನದೇಕೆ ಹೀಗೆ ಊದಿಕೊಂಡಿದೆ?”
ಅವರದು ಜರ್ಮೇನಿಯಂ, ಅಜ್ಜಿ. ಹೊಗೆಯಾಡುವ ಚಳಿಯನ್ನು
ಕುಡಿಸುತ್ತಲೇ ಇರಬೇಕು; ನಮ್ಮ ಇಡೀ ಶಾಲೆ ಮಾರಿದರೂ ಬಾರದು.
ಇದು ಉಪ್ಪಿನ ಜಾತಿಯ ಹರಳು, ನೀರು ಕಂಡರೆ ಕರಗುವಂಥದು,
ಅಲ್ಯೂಮಿನಿಯಂ ಅಂಗಿಯೊಳಗೆ ಉಸಿರು ಬಿಗಿಹಿಡಿದು ಕೂತಿದೆ.
ಒಂದು ಕಿರಣ ಬಡಿದರೆ ಒಂದು ಮಿಣುಕು.
ಅದೇ ಪೆಟ್ಟು, ಅದೇ ಬಲ. ಮಿಣುಕು ಮಾತ್ರ
ಒಂದು ಸಲ ತುಸು ಹೆಚ್ಚು, ಒಂದು ಸಲ ಕಡಿಮೆ.
ಆರುನೂರ ಅರವತ್ತೆರಡು ಎಂದು ಬಂದದ್ದನ್ನು
ಆರುನೂರ ನಲವತ್ತು ಎನ್ನುತ್ತದೆ, ಆರುನೂರ ಎಂಬತ್ತು ಎನ್ನುತ್ತದೆ.
ಸುಳ್ಳಲ್ಲ. ನೂರಕ್ಕೆ ಏಳರಷ್ಟು ಅಗಲದ ನಿಜ.

ಅಜ್ಜಿ ಬಟ್ಟಲು ಕೆಳಗಿಟ್ಟಳು.
“ಮುಷ್ಟಿಯಲ್ಲಿ ಅಕ್ಕಿ ಅಳೆದ ಹಾಗೆ” ಎಂದಳು,
“ಅದೇ ಕೈ, ಅದೇ ಡಬ್ಬ, ಐವತ್ತು ವರ್ಷ.
ಎಂದಾದರೂ ಕಾಳಿನ ಲೆಕ್ಕ ಕೂಡಿದೆಯೇ?
ನಿನ್ನ ಹರಳಿಗೂ ಕೈ ನಡುಗುತ್ತದೆ, ಅಷ್ಟೇ.”

ಆ ವರ್ಷ ಗುಡ್ಡಗಳು ಎರಡು,
ಸೀಸಿಯಂ ನೂರ ಮೂವತ್ತನಾಲ್ಕು, ನೂರ ಮೂವತ್ತೇಳು,
ಒಂದೇ ಹೊದಿಕೆಯಡಿ ಮಲಗಿದ ಇಬ್ಬರ ಹಾಗೆ:
ತಲೆ ಎರಡೆಂದು ಗೊತ್ತು,
ಯಾವ ಮೊಣಕಾಲು ಯಾರದೆಂದು ಗೊತ್ತಿಲ್ಲ.
ನಡುವಿನ ತಗ್ಗಿನಲ್ಲಿ ಬೆರಳಾಡಿಸಿ ಅಜ್ಜಿ ಸುಮ್ಮನಾದಳು.

ಕನೆಜಿರೊ ತೀರಿಕೊಂಡದ್ದು ತಾತ್ಕಾಲಿಕ ಶೆಡ್ಡಿನಲ್ಲಿ, ಎರಡನೆಯ ಚಳಿಗಾಲ.
ಪುರಸಭೆಯ ಅರ್ಜಿಯಲ್ಲಿ ಒಂದು ಚೌಕ:
ಸಾವು ಊರು ಬಿಟ್ಟದ್ದರಿಂದಲೋ, ಮೊದಲೇ ಇದ್ದ ಎದೆರೋಗದಿಂದಲೋ?
ಬಿಡಿಸಿ ಬರೆಯಿರಿ.
ಮೂರು ಸಲ ಬರೆದಳು. ಮೂರು ಸಲ ವಾಪಸಾಯಿತು.
ಮೂರನೆಯದನ್ನು ನನಗೆ ತೋರಿಸಿದ್ದಳು; ಚೌಕದೊಳಗೆ,
“ದನಗಳನ್ನು ಬಿಟ್ಟುಬಂದ ದಿನ ಇವರು ಮಾತು ಬಿಟ್ಟರು.
ಎದೆ ಮೊದಲೇ ಸರಿಯಿರಲಿಲ್ಲ.”
ಎರಡು ಸಾಲು, ಒಂದಕ್ಕೊಂದು ಒರಗಿಕೊಂಡು.

ಎರಡು ವರ್ಷಕ್ಕೆ ಅರ್ಧವಾಗುವುದು ಒಂದು, ಮೂವತ್ತಕ್ಕೆ ಇನ್ನೊಂದು.
ಎಡದ ಗುಡ್ಡ ಕುಗ್ಗಿ ಕುಗ್ಗಿ
ಬಲದ್ದಕ್ಕೆ ಬರೀ ಹೆಗಲಾಯಿತು.
ನಮ್ಮ ಕಸುಬಿನಲ್ಲಿ ಹಾಗೆಯೇ ಕರೆಯುತ್ತೇವೆ, ಹೆಗಲು.
ಅಜ್ಜಿಗೆ ಆ ಮಾತು ಹಿಡಿಸಿತು. ಪ್ರತಿ ಮೇ ಬಂದವಳೇ
“ಹೆಗಲು ಇದೆಯೇ?” ಎನ್ನುವಳು,
ಚಿಗುರಿನ ಲೆಕ್ಕ ಕೇಳುವ ಮೊದಲು.
ಇದೆ ಅಜ್ಜಿ, ಸ್ವಲ್ಪ.
ಇದೆ, ಕಂಡೂ ಕಾಣದ ಹಾಗೆ.

ಈ ವರ್ಷ ಇಲ್ಲ.
ಅರ್ಧ ಗಂಟೆ ಸಾಲದೇನೋ ಎಂದು ಇಡೀ ಹಗಲು ಬಿಟ್ಟೆ,
ಅವಳೂ ಕದಲಲಿಲ್ಲ.
ಕಿಲೋಗೆ ಸಾವಿರದ ಎಂಟುನೂರು ಬೆಕೆರೆಲ್, ತಿನ್ನಲು ಮಿತಿ ನೂರು.
ಒಂಟಿ ಗುಡ್ಡ, ಎರಡೂ ಕಡೆ ಸಮ ಇಳಿಜಾರು,
ಪಾಠದ ಪುಸ್ತಕಕ್ಕೆ ಹಾಕಬಹುದು.
ಅನುಮಾನವಿಲ್ಲ, ಇದು ನೂರ ಮೂವತ್ತೇಳೇ.
ಬಿಡಿಸಿದ್ದು ನನ್ನ ಹರಳಲ್ಲ.
ಅದರ ಅಗಲ ಅಂದಿನಷ್ಟೇ ಇದೆ, ನೂರಕ್ಕೆ ಏಳು.

ಅಜ್ಜಿ ಬಹಳ ಹೊತ್ತು ಆ ಎಡ ಇಳಿಜಾರನ್ನೇ ನೋಡಿದಳು.
ಆಮೇಲೆ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ
ಬೆರಳು ಮೂಸಿದಳು, ಚಿಗುರಿನ ಎಣ್ಣೆವಾಸನೆ.
“ಇದರ ತೆಂಪುರಾ ಅಂದರೆ ಇವರಿಗೆ ಪ್ರಾಣ” ಎಂದು,
ನಾನು ಕಸದ ಡ್ರಮ್ಮಿನತ್ತ ಹೊರಡುವ ಮೊದಲೇ
ಕೈ ಚಾಚಿ
ಪಾತ್ರೆಯನ್ನು ತಾನೇ ಎತ್ತಿಕೊಂಡಳು.