ಬಲಗಡೆಯ ಮೊದಲ ಹೆಸರು

ಆದೇಶ ಟೈಪ್ ಮಾಡಿದವನು ನಾನೇ.
ಖಡಕಿಯ ಕಚೇರಿ, ಮಧ್ಯಾಹ್ನ,
ಮದ್ದಿನ ಕಾರ್ಖಾನೆಯ ಭೋಂಗಾ ಕೂಗಿ ಸುಮ್ಮನಾದ ಮೇಲೆ
ನನ್ನ ಕೀಲಿಮಣೆಯ ಸದ್ದೊಂದೇ.

ಮಾತಾಡತಕ್ಕದ್ದಲ್ಲ. ಬರೆಯತಕ್ಕದ್ದಲ್ಲ.
ಫೋನು, ಸಂದೇಶ,
ಮೂರನೆಯವರ ಬಾಯಲ್ಲಿ ಹೇಳಿಕಳಿಸುವುದು, ಯಾವುದೂ ಸಲ್ಲದು.
ಮೇಲೆ ಮೇಜರ್ ಪೆಡಣೇಕರ್,
ಕೆಳಗೆ ಲಾನ್ಸ್ ನಾಯಕ್ ನೀಲಾಂಬಿಕಾ ತುಕ್ಕಾನಟ್ಟಿ,
ನಡುವೆ ಎರಡು ಸಾಲು ಖಾಲಿ ಬಿಟ್ಟೆ.

ತನಿಖೆಯ ಕಾಗದ ಓದಿಲ್ಲ ಎಂದು ಹೆಂಡತಿಗೆ ಹೇಳಿದೆ.
ಸುಳ್ಳು. ಓದದೆ ಟೈಪ್ ಮಾಡುವ ಗುಮಾಸ್ತ
ಇನ್ನೂ ಹುಟ್ಟಬೇಕು.
ಅದರಲ್ಲಿದ್ದುದನ್ನು ಇಲ್ಲಿ ಬರೆಯಲಾರೆ.
ಎರಡು ದಿನ ಊಟ ಸೇರಲಿಲ್ಲ, ಅಷ್ಟು ಸಾಕು.

ಆದೇಶದಲ್ಲಿ ಒಂದು ತೂತು ಉಳಿದಿತ್ತು.
ನಾಲ್ಕನೇ ದಿನ ಅವಳೇ ಅದನ್ನು ಹಿಡಿದು ತಂದಳು,
ಮೇಜಿನೆದುರು ಹಿಮ್ಮಡಿ ಜೋಡಿಸಿ ನಿಂತು:
"ಹವಾಲ್ದಾರ್ರ, ಎದುರು ಬಂದ್ರ ಸೆಲ್ಯೂಟ್ ಹೊಡೀಬೇಕೇನ್ರಿ?"
ನಮ್ಮ ಕಡೆಯ ಹುಡುಗಿ.
ಆ 'ರಿ' ಕಿವಿಗೆ ಬಿದ್ದು ಎಷ್ಟು ದಿನವಾಗಿತ್ತು.
ಉತ್ತರ ನನ್ನ ಕೈಲಿರಲಿಲ್ಲ. ಟಿಪ್ಪಣಿ ಹಾಕಿ ಮೇಲಕ್ಕೆ ಕಳಿಸಿದೆ.
ಕರ್ನಲ್ ಸಾಹೇಬರ ಪೆನ್ಸಿಲು ಅಂಚಿನಲ್ಲಿ ಬರೆದಿತ್ತು:
ಸೆಲ್ಯೂಟ್ ಸಂಪರ್ಕವಲ್ಲ. ಅದು ಹುದ್ದೆಗೆ. ಕಡ್ಡಾಯ.

ಹುದ್ದೆ ಭುಜದ ಮೇಲೆ ಕೂರುತ್ತದೆ.
ಅದರ ಕೆಳಗೆ ಕೈಯಿರುತ್ತದೆ.

ಕಿಟಕಿ ಪಕ್ಕದ ಕುರ್ಚಿ ನನ್ನದು, ದಿನಾ ನೋಡಿದೆ.
ಮಳೆಮರದ ಸಾಲು ದಾಟಿ ಅವರು ಬರುತ್ತಾರೆ, ಈ ಕಡೆಯಿಂದ ಅವಳು.
ಅಂಗೈ ಮೇಲೇರುತ್ತದೆ,
ಬೆರಳ ತುದಿ ಹುಬ್ಬಿನ ಬಳಿ ನಡುಗದೆ ನಿಲ್ಲುತ್ತದೆ,
ಜೈ ಹಿಂದ್ ಎನ್ನಬೇಕಾದ ಬಾಯಿ ಮುಚ್ಚಿರುತ್ತದೆ,
ಕಲಮು ಒಂದರ ಪ್ರಕಾರ.
ಅವರೂ ಕೈ ಎತ್ತುತ್ತಾರೆ. ತುಸು ಹೆಚ್ಚು ಹೊತ್ತು.
ಆ ತುಸುವನ್ನು ಯಾವ ಕಲಮಿನಲ್ಲಿ ಹಾಕಲಿ?

'ಅವರು' ಎಂದೇ ಬರೆಯುತ್ತಿದ್ದೇನೆ, ನೋಡಿ.
ಆ ಕಾಗದ ಓದಿದ ಮೇಲೂ.
ಬಹುವಚನವೂ ಒಂದು ಸೆಲ್ಯೂಟೇ, ಚಟ ಬಿಡುವುದಿಲ್ಲ.

ಒಂದು ದಿನ ಅವಳ ತಲೆ ಬರಿದು.
ಕೆಂಪು ಟೊಪ್ಪಿಗೆ ಭುಜಪಟ್ಟಿಯಡಿ ಮಡಿಚಿ ಕೂತಿತ್ತು.
ಟೊಪ್ಪಿಗೆಯಿಲ್ಲದವರು ಕೈ ಎತ್ತುವಂತಿಲ್ಲ,
ಸಾವಧಾನದಲ್ಲಿ ನಿಂತರಾಯಿತು.
ಬಯಲಲ್ಲಿ ಟೊಪ್ಪಿಗೆ ತೆಗೆದ ತಪ್ಪಿಗೆ ಮೂರು ರಾತ್ರಿ ಹೆಚ್ಚಿನ ಪಹರೆ.
ಅದನ್ನೂ ನಾನೇ ಟೈಪ್ ಮಾಡಿದೆ.
ನಿದ್ದೆಗೆಟ್ಟ ಕಣ್ಣಲ್ಲಿ ಸಹಿ ಹಾಕುತ್ತ ನಕ್ಕಳು:
"ಸೋವಿ ಆತ್ರಿ."

ಡಿಸೆಂಬರ್. ಸ್ಥಾಪನಾ ದಿನದ ಪೆರೇಡು.
ವೇದಿಕೆಯ ಮೇಲೆ ಜನರಲ್,
ಅವರ ಎಡಕ್ಕೆ, ಎರಡು ಹೆಜ್ಜೆ ಹಿಂದೆ, ಪೆಡಣೇಕರ್.
'ದಾಹಿನೇ ದೇಖ್' ಎಂದೊಡನೆ
ಇಡೀ ತುಕಡಿಯ ಮುಖ ಬಲಕ್ಕೆ ಹೊರಳಬೇಕು,
ಗದ್ದ ಎತ್ತಿ, ಕಣ್ಣಿಗೆ ಕಣ್ಣು ಕೊಟ್ಟು.
ಬಲತುದಿಯಲ್ಲಿದ್ದವರು ಮಾತ್ರ ಹೊರಳುವುದಿಲ್ಲ,
ದಾರಿ ನೋಡಲು ಯಾರಾದರೂ ಬೇಕಲ್ಲ,
ಇಲ್ಲದಿದ್ದರೆ ಮರ್ಯಾದೆ ಕೊಡುತ್ತ ಕೊಡುತ್ತ
ಎಲ್ಲರೂ ಸೊಟ್ಟಗೆ ನಡೆದುಬಿಡುತ್ತಾರೆ.

ಪಟ್ಟಿ ಎತ್ತರದ ಪ್ರಕಾರ. ಅವಳು ಹನ್ನೊಂದನೆಯವಳು.
ವಯಸ್ಸಾದ ಕಣ್ಣು ನೋಡಿ, ಹೇಗೋ
ಆ ಹೆಸರು ಜಿಗಿದು ಮೇಲೆ ಕೂತಿತು.
ಡ್ರಿಲ್ ಉಸ್ತಾದ ಧೋಂಡಿರಾಮ ಘುಗೆ
ಪಟ್ಟಿ ನೋಡಿದ, ಅವಳ ಎತ್ತರ ನೋಡಿದ,
ನನ್ನ ಮುಖವನ್ನೂ ಒಂದು ಸಲ ನೋಡಿ
ಕಾಗದ ಮಡಚಿ ಜೇಬಿಗಿಟ್ಟ.

ಬ್ಯಾಂಡು ಬಂತು. ಅಪ್ಪಣೆ ಬಂತು.
ಗಾಳಿಗೆ ಜೋಳದ ತೆನೆ ವಾಲಿದ ಹಾಗೆ ಮುಖಗಳು ವಾಲಿದವು.
ಬಲತುದಿಯಲ್ಲಿ ಅವಳು
ಟೊಪ್ಪಿಗೆ ಸರಿಯಾಗಿ ತೊಟ್ಟು, ನೆಟ್ಟಗೆ,
ಮುಳಾ ನದಿಯ ದಿಕ್ಕಿಗೆ ನೋಡುತ್ತ ನಡೆದು ಹೋದಳು.
ನಿಯಮದ ಒಂದು ಅಕ್ಷರ ಕದಲಲಿಲ್ಲ.

ಮರುದಿನ ರಜೆಯ ಅರ್ಜಿ ಕೇಳಲು ಬಂದಳು.
ಪೆರೇಡಿನ ಮಾತು ಎತ್ತಲಿಲ್ಲ, ನಾನೂ ಎತ್ತಲಿಲ್ಲ.
ಬಾಗಿಲಲ್ಲಿ ತಿರುಗಿ ಹೇಳಿದಳು:
"ಪಟ್ಟಿಯಾಗ ನನ್ನ ಅಡ್ಡಹೆಸರಿಗೆ ಒಂದು 'ಟಿ' ಕಮ್ಮಿ ಬಿದ್ದೈತ್ರಿ."
ತೆಗೆದು ನೋಡಿದೆ.
ಹೌದು. ಅದೊಂದು ಮಾತ್ರ ನಿಜವಾಗಿಯೂ ತಪ್ಪಾಗಿತ್ತು.