ಬಿಡುವು

ಸಭೆ ಏಳಕ್ಕೆ. ಆರೂವರೆಗೇ ಕುರ್ಚಿ ಮುಗಿದಿದ್ದವು.
ಗೋಡೆಗೊರಗಿ ನಿಂತವರ ಬೂಟಿನ ಹಿಮ ಕರಗಿ
ಅಗ್ನಿಶಾಮಕ ಠಾಣೆಯ ಸಿಮೆಂಟು ನೆಲದಲ್ಲಿ
ಅಂಗೈಯಗಲದ ಕೆರೆಗಳಾಗುತ್ತಿದ್ದವು.
ನಡಾವಳಿ ಬರೆಯುವವಳು ನಾನು.
ವರ್ಷಕ್ಕೆ ನಾಲ್ಕು ಸಭೆ, ಸಭೆಗೆ ಅರವತ್ತು ಡಾಲರು,
ಕಹಿ ಕಾಫಿ ಎಷ್ಟಾದರೂ.

ವಿಷಯ: ಬಾಸ್ ಮೀನಿಗೆ ವರ್ಷವಿಡೀ ಗಾಳ ಹಾಕಬಹುದೇ,
ಹಿಡಿದದ್ದನ್ನು ಹಿಡಿದಲ್ಲೇ ಬಿಡುವ ಷರತ್ತಿನ ಮೇಲೆ.
ಈಗಿನ ಕಾಯಿದೆಯಂತೆ ಜೂನ್ ನಡುವಿನ ತನಕ
ಮುಟ್ಟುವಂತಿಲ್ಲ.

ರೆನೋ ಹಕಲಾ, ಗಾಳದಂಗಡಿ:
ಮೇ ತಿಂಗಳಿಡೀ ನನ್ನ ಎರೆಹುಳುಗಳೂ ನಾನೂ
ಮುಖ ಮುಖ ನೋಡಿಕೊಂಡು ಕೂತಿರುತ್ತೇವೆ.
ಬಾಡಿಗೆ ಕಟ್ಟುವುದು ನಾನು ಸ್ವಾಮಿ, ಮೀನಲ್ಲ.

ವಿಲ್ಮಾ ಟ್ರೆಗೆಂಬೊ ಎದ್ದಳು. ನಮ್ಮಲ್ಲಿ ಅರ್ಧ ಜನಕ್ಕೆ
ಭಾಗಾಕಾರ ಕಲಿಸಿದವಳು. ಚೀಟಿ ನೋಡಲಿಲ್ಲ.
ನನ್ನ ಕಟ್ಟೆಯ ಕೆಳಗೆ, ಮೊಣಕಾಲುದ್ದದ ನೀರಲ್ಲಿ,
ಗಂಡು ಬಾಸ್ ಬಾಲದಿಂದ ಗುಡಿಸಿ ಗುಡಿಸಿ
ಊಟದ ತಟ್ಟೆಯಗಲ ಅಂಗಳ ಮಾಡುತ್ತಾನೆ.
ಹೆಣ್ಣು ಬಂದು ಮೊಟ್ಟೆ ಇಟ್ಟು ಹೊರಟುಹೋಗುತ್ತಾಳೆ.
(ಹಿಂದಿನಿಂದ ಯಾರೋ: ನನ್ನ ಹೆಂಡತಿಯ ಹಾಗೇ!
ನಗುವನ್ನು ನಾನು ಬರೆಯಲಿಲ್ಲ.)
ಆಮೇಲೆ ಅವನು ಉಣ್ಣುವುದಿಲ್ಲ, ಕದಲುವುದಿಲ್ಲ.
ಹತ್ತಿರ ಬಂದದ್ದನ್ನೆಲ್ಲ ಕಚ್ಚುತ್ತಾನೆ,
ನಿಮ್ಮ ರಬ್ಬರಿನ ಹುಳವನ್ನೂ.
ಹಸಿವಿಗಲ್ಲ, ಸಿಟ್ಟಿಗೆ.
ಹಿಡಿದು ಬಿಡುವುದು ಒಂದು, ರೆನೋ.
ಬಿಡುವು ಕೊಡುವುದು ಇನ್ನೊಂದು.

ಕೋಲ್ಬಿ ವಾಂಡರ್‌ವೀನ್, ಹತ್ತೊಂಬತ್ತು ವರ್ಷ,
ಟೋಪಿ ತೆಗೆದು ಕೈಯಲ್ಲಿ ಹಿಂಡುತ್ತಾ:
ನಾನು ಇದುವರೆಗೆ ಒಂದನ್ನೂ ಕೊಂದಿಲ್ಲ.
ಕೊಕ್ಕೆಯ ಹಿಮ್ಮುಳ್ಳನ್ನು ಇಕ್ಕಳದಲ್ಲಿ ಅದುಮಿಡುತ್ತೇನೆ.
ಕೈ ಒದ್ದೆ ಮಾಡಿಕೊಳ್ಳದೆ ಮುಟ್ಟುವುದಿಲ್ಲ.
ಫೋಟೋಗೆ ಹತ್ತೇ ಸೆಕೆಂಡು.
ಐದು ತಿಂಗಳು ಈ ಊರಲ್ಲಿ ಹಿಮ ತೋಡುವುದು ಬಿಟ್ಟರೆ
ನನಗೆ ಬೇರೇನಿದೆ ಹೇಳಿ.
ಯಾರೂ ಹೇಳಲಿಲ್ಲ.

ಇಲಾಖೆಯ ಜೀವಶಾಸ್ತ್ರಜ್ಞೆ ಪರದೆಯ ಮೇಲೆ ಗೆರೆ ತೋರಿಸಿದಳು.
ಗೂಡು ಕೆಡುತ್ತವೆ, ನಿಜ.
ಕೆರೆಯಲ್ಲಿ ಮೀನೇ ಕಡಿಮೆಯಾಗುತ್ತದೆಯೇ ಎಂದರೆ,
ಕೆಲವೆಡೆ ಹೌದು, ಹಲವೆಡೆ ಗೊತ್ತಿಲ್ಲ.
ನನ್ನ ಹಾಳೆಯಲ್ಲಿ ಎರಡೇ ಕಲಂ, ಪರ, ವಿರೋಧ.
ಗೊತ್ತಿಲ್ಲವನ್ನು ಅಂಚಿನಲ್ಲಿ ಬರೆದೆ, ಪೆನ್ಸಿಲಿನಲ್ಲಿ.

ಎಮೆಟ್ ಲೂನ್ಸ್‌ಫುಟ್ ಕೂತಲ್ಲಿಂದಲೇ ಹೇಳಿದ:
ತಿನ್ನುವುದಿಲ್ಲವೆಂದ ಮೇಲೆ ಹಿಡಿಯುವುದೇಕೆ?
ಅನ್ನದ ಜೊತೆ ಆಟ ಬೇಡ ಅಂತಿದ್ದಳು ನಮ್ಮಜ್ಜಿ.
ಇದನ್ನು ಪರಕ್ಕೆ ಹಾಕಲೋ, ವಿರೋಧಕ್ಕೋ?
ಕೇಳಿದೆ. ಅವನು ಭುಜ ಕುಣಿಸಿದ.

ನಡಾವಳಿಯಲ್ಲಿ ಇಲ್ಲದ್ದು ಒಂದಿದೆ.
ಹೋದ ಮೇ ತಿಂಗಳು, ಬೆಳಕು ಹರಿಯುವ ಮುಂಚೆ,
ಪೈಕ್ ಮೀನಿಗೆ ಬಂದೆನೆಂದು ನನಗೆ ನಾನೇ ಹೇಳಿಕೊಂಡು
ದಡದ ಕಲ್ಲುಗಳ ಪಕ್ಕ ಗಾಳ ಎಸೆದಿದ್ದೆ.
ಕಚ್ಚಿದವನು ಅವನು. ಕಂಚಿನ ಬಣ್ಣ, ಕೆಂಪು ಕಣ್ಣು,
ಅಂಗೈಯಲ್ಲಿ ಗುದ್ದುವ ಪುಟ್ಟ ಎಂಜಿನ್ನು.
ಎಷ್ಟು ಚೆಂದವಿದ್ದನೆಂದರೆ
ಹತ್ತು ಸೆಕೆಂಡಿಗಿಂತ ಹೆಚ್ಚೇ ನೋಡಿದೆ.
ಆಗ ದೋಣಿಯ ಕೆಳಗೆ ಪರ್ಚ್ ಮರಿಗಳು ಬಂದವು,
ಮೊದಲು ಎರಡು, ಆಮೇಲೆ ಎಣಿಸಲಾರದಷ್ಟು,
ಬಾಗಿಲು ತೆರೆದ ಮದುವೆಮನೆಗೆ ನುಗ್ಗಿದಂತೆ.

ಬಿಟ್ಟೆ. ಆಳಕ್ಕೆ ಓಡಿಹೋಗುತ್ತಾನೆಂದುಕೊಂಡಿದ್ದೆ.
ಇಲ್ಲ. ಹರಿದ ತುಟಿಯಲ್ಲೇ ನೆಟ್ಟಗೆ ಹಿಂದಿರುಗಿ
ಎಲ್ಲರನ್ನೂ ಅಟ್ಟಿ
ಖಾಲಿ ಅಂಗಳವನ್ನು
ಬಾಲದಿಂದ ಗುಡಿಸತೊಡಗಿದ.

ಪರ ನಲವತ್ತೊಂದು, ವಿರೋಧ ಮೂವತ್ತೆಂಟು.
ನಿರ್ಣಯ ಮುಂದಿನ ಸಭೆಗೆ.
ಒಂಬತ್ತು ಇಪ್ಪತ್ತಕ್ಕೆ ಮುಕ್ತಾಯ.

ಕುರ್ಚಿ ಮಡಚಲು ಉಳಿದವನು ಕೋಲ್ಬಿ ಒಬ್ಬನೇ.
ಎರಡೆರಡು ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಾ
ಬಾಗಿಲ ಬಳಿ ನಿಂತು ಕೇಳಿದ:
ಕೈ ಒದ್ದೆ ಮಾಡಿಕೊಳ್ಳುತ್ತೇನೆ ಅಂದದ್ದು
ಬರೆದಿದ್ದೀರಾ?

ಬರೆದಿದ್ದೇನೆ, ಅಂದೆ.