ಒತ್ತು

ಮಂಡ್ಯದ ಕೋರ್ಟಿನೆದುರು, ಜೆರಾಕ್ಸ್ ಅಂಗಡಿ ಪಕ್ಕ
ಎಂಟಡಿ ಆರಡಿ ನನ್ನ ಜಾಗ.
ವಕಾಲತ್ತು, ಅಫಿಡವಿಟ್ಟು, ಪಾಲುಪಟ್ಟಿ,
ಇಪ್ಪತ್ತೆರಡು ವರ್ಷ ಇದೇ ಬೆರಳು.

ಕಂಪ್ಯೂಟರಿಗೆ ಹನ್ನೊಂದು.
ಬೆಳಿಗ್ಗೆ ಸ್ವಿಚ್ಚೊತ್ತಿ, ಕಸ ಗುಡಿಸಿ, ನೀರು ಚಿಮುಕಿಸಿ,
ಊದುಬತ್ತಿ ಉರಿದು ಮುಗಿದರೂ
ಅದಿನ್ನೂ ಉಂಗುರ ತಿರುಗಿಸುತ್ತಿತ್ತು.
ಎದ್ದ ಮೇಲೆ ಶುರು:
ಅಪ್‌ಡೇಟ್ ಈಗ ಮಾಡಲೇ, ಆಮೇಲೆ ಮಾಡಲೇ?
ಬೇಡ ಅನ್ನುವ ಬಟನ್ನೇ ಇಲ್ಲ.
ಮೂಲೆಯಲ್ಲಿ ಯಾವುದೋ ದೇಶದ ಫುಟ್ಬಾಲು,
ನಾನು ಕೇಳದ ಸೀರೆ.
ವಾಯಿದೆಗೆ ಹತ್ತು ನಿಮಿಷ ಇರುವಾಗ ಒಂದಿನ
ಶೇಕಡಾ ಮೂವತ್ತಕ್ಕೆ ಕೂತೇಬಿಟ್ಟಿತು.
ಕಕ್ಷಿದಾರ ಸಿಂಗ್ರೇಗೌಡರು ಅದನ್ನೇ ನೋಡಿ ನೋಡಿ
“ಎಮ್ಮೆ ಈಯೋದ್ನ ಕಾದಂಗಾಯ್ತಲ್ಲವ್ವ” ಅಂದರು.

ಗುತ್ತಲು ರಸ್ತೆಯ ಜಬೀವುಲ್ಲಾ ಬಂದ.
ಜೇಬಿನಲ್ಲಿ ಹುಣಿಸೆಬೀಜದಷ್ಟು ಪೆನ್‌ಡ್ರೈವ್.
“ಹೊಸಾದ್ಯಾಕಕ್ಕ? ಮಿಷಿನ್ನು ಗಟ್ಟಿಮುಟ್ಟಾಗೈತೆ.
ಹೊತ್ಕಂಡಿರೋ ಮೂಟೆ ಇಳಿಸ್ಬುಡಾನ.”

ಸಂಜೆಗೆ ಇಳಿಸಿದ.
ಗೋಡೆಚಿತ್ರವಿಲ್ಲ, ಟಿಂಗ್ ಅನ್ನುವ ಸದ್ದಿಲ್ಲ.
ಕಪ್ಪು. ಅದರೊಳಗೊಂದು ಗೆರೆ,
ಮಿಣಕ್, ಮಿಣಕ್.
ಇಷ್ಟು ವರ್ಷ ಫ್ಯಾನು ಕಿರುಚುತ್ತಿತ್ತೆಂದು
ಅದು ಸುಮ್ಮನಾದಾಗ ತಿಳಿಯಿತು;
ರಸ್ತೆಯಾಚೆ ಕಬ್ಬಿನ ಹಾಲಿನ ಗಾಣದ ಗೆಜ್ಜೆ
ಒಳಗೆ ಬಂತು.

ಹೇಳಲು ನಾಚಿಕೆ: ಅಂಗಡಿ ಮುಚ್ಚದೆ
ಆ ಗೆರೆಯನ್ನೇ ನೋಡುತ್ತ ಕೂತೆ.
ಮದುವೆಗೆ ಮುಂಚೆ, ಟೈಪಿಂಗ್ ಕ್ಲಾಸಿನಲ್ಲಿ
ಹಾಳೆ ಸುತ್ತಿ, ಕೀಲಿಗಳ ಮೇಲೆ ಬೆರಳಿಟ್ಟು
ಮೇಡಂ “ಹ್ಞೂಂ” ಅನ್ನುವ ತನಕ ಹಿಡಿದಿದ್ದ ಉಸಿರು,
ಅದು ಇಲ್ಲಿತ್ತು.

ಮಾರನೆಯ ದಿನ ಮೊದಲ ಗಿರಾಕಿ
ಕೊತ್ತತ್ತಿಯ ಹೆಂಗಸು. ಎರಡು ಗುಂಟೆ, ಅಣ್ಣನ ಮೇಲೆ ದಾವೆ.
ಹೆಸರು ಚಿಕ್ಕಹೊನ್ನಮ್ಮ.
ಒತ್ತಿದೆ. ಪರದೆಯ ಮೇಲೆ ಚೌಕ, ಚೌಕ, ಚೌಕ,
ಎಣಿಸಿದೆ, ಹದಿಮೂರು,
ಯಾರೂ ಇಣುಕದ ಕಿಟಕಿಗಳು.

ಫೋನಿನಲ್ಲಿ ಜಬೀವುಲ್ಲಾ ಗಂಟಲು ಸರಿಮಾಡಿಕೊಂಡ.
“ಬ್ಯಾಡದ್ದೆಲ್ಲ ತೆಗ್ದೆ ಕಣಕ್ಕ.
ಅದ್ರಾಗೆ ಕನ್ನಡಾನೂ ಹೋಗೈತೆ ಅಂತ ಕಾಣ್ತದೆ.”

ಅಪ್ಪ ಆಲೆಮನೆಯಲ್ಲಿ ಕೊಪ್ಪರಿಗೆ ಕಾಯುತ್ತಿದ್ದ.
ಬೆಂಡೆಗಿಡದ ಲೋಳೆ ಬಿಟ್ಟು
ಮೇಲೆದ್ದ ಮಡ್ಡಿಯನ್ನು ಜಾಲರಿಯಲ್ಲೆತ್ತುವಾಗ
ಹೊಸ ಹುಡುಗರಿಗೆ ಒಂದೇ ಬೈಗುಳ:
“ಮಡ್ಡಿ ತೆಗೀರ್ಲಾ, ಹಾಲ್ನೇ ತೋಡ್ಬ್ಯಾಡಿ.”

ಬಂದು ಒಂದು ಫಾಂಟ್ ಹಾಕಿದ.
ಮೊದಲು ಬಂದದ್ದು ಚಿಕ್‌ಕಹೊನ್‌ನಮ್‌ಮ,
ದಾವೆ ಹೂಡಿ ದೂರ ಕೂತ ಒಡಹುಟ್ಟಿದವರ ಹಾಗೆ.
ಇನ್ನೇನೋ ಸೇರಿಸಿದ.
ಒತ್ತುಗಳು ಒಂದೊಂದಾಗಿ
ತಂತಮ್ಮ ಅಕ್ಷರದ ಕಾಲ ಬಳಿ ಹೋಗಿ ಕುಕ್ಕರಿಸಿದವು.

ಅವಳಿಗೆ ಓದಲು ಬರದು.
ಕಪ್ಪಿನಲ್ಲಿ ಬೆಳ್ಳಗೆ ಕೂತದ್ದಕ್ಕೆ ಬೆರಳು ತೋರಿಸಿ
“ಇಷ್ಟೇಯಾ ನಾನು?” ಅಂದಳು.
“ಇದು ಹೆಸರು ಕಣವ್ವ. ಮುಂದುಕ್ಕೇಳು.”
ಅವಳು ಸೆರಗು ಸರಿಮಾಡಿಕೊಂಡು
ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುವಷ್ಟು ಹೊತ್ತೂ
ಅವಸರವಿಲ್ಲದೆ
ಗೆರೆ ಮಿಣುಕುತ್ತಿತ್ತು.